ರೋಸ್ವಿತಾ ಕುನಾಟ್ ಅವರ ಹೇಳಿಕೆ

ನಲವತ್ತೊಂದು ಜನರ ಸಹಿ ನಾನು.
ಗ್ಯೋರ್ಲಿಟ್ಸ್ ಊರಿನಲ್ಲಿ, ನೈಸೆ ನದಿಯ ಈ ದಡದಲ್ಲಿ,
ಅವರ ಬಾಡಿಗೆ, ಅವರ ಮಾತ್ರೆ, ಅವರ ಹಲ್ಲಿನ ಸೆಟ್ಟು,
ಎಲ್ಲದರ ಕೆಳಗೂ ನನ್ನ ಹೆಸರು.
ಕೋರ್ಟು ಕೊಟ್ಟ ಕಾಗದ ಜೇಬಿನಲ್ಲಿದೆ;
ಬ್ಯಾಂಕಿನವರು ಅದನ್ನು ತಿರುವಿ ತಿರುವಿ ನೋಡುತ್ತಾರೆ.

ಇವಳು ಹದಿನೇಳನೆಯವಳು.
ರೈಲುಗಾಡಿ ಕಾರ್ಖಾನೆಯಲ್ಲಿ ಸೀಟಿಗೆ ಬಟ್ಟೆ ಹೊಲಿದವಳು,
ಊರೂರಿಗೆ ಹೋಗುವವರು ಕೂರುವ ಜಾಗವನ್ನು
ಮೂವತ್ತೆರಡು ವರ್ಷ ಬಿಗಿದವಳು.
ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮೆದುಳಲ್ಲಿ ನರ ಒಡೆದು
ಇದ್ದಬದ್ದ ಮಾತೆಲ್ಲ ಹರಿದುಹೋಗಿ
ತಳದಲ್ಲಿ ಒಂದು ಉಳಿಯಿತು:
ಬೇಡ.

ಕಾಫಿ? ಬೇಡ, ಎನ್ನುತ್ತ ಲೋಟ ಎಳೆದುಕೊಳ್ಳುತ್ತಾಳೆ.
ನೋವಿದೆಯೇ? ಬೇಡ. ಇದು ನಿಜ.
ತಂಗಿಯ ಫೋಟೋ ತೋರಿಸಿದರೆ ಬೇಡ ಬೇಡ ಬೇಡ,
ಮಗುವಿನ ಬೆನ್ನು ತಟ್ಟುವ ಲಯದಲ್ಲಿ.
ಮೊದಲ ವರ್ಷ ನಾನು, ಮೂರ್ಖ, ವರದಿಯಲ್ಲಿ ಬರೆದೆ:
“ಎಲ್ಲವನ್ನೂ ನಿರಾಕರಿಸುತ್ತಾರೆ.”
ಬೇಡ ಎಂಬುದರ ಹೊಟ್ಟೆಯಲ್ಲೇ ಬೇಡುವುದೂ ಇದೆ
ಎಂದು ಗೊತ್ತಾಗಲು ಇನ್ನೊಂದು ಚಳಿಗಾಲ ಹಿಡಿಯಿತು.

ಅಣ್ಣನ ಮಗ ಟೋರಾಲ್ಫ್ ಪತ್ರ ಬರೆದಿದ್ದಾನೆ.
ಕೆಟ್ಟವನಲ್ಲ. ಮೂರನೇ ಮಹಡಿ, ಲಿಫ್ಟಿಲ್ಲ,
ಒಂದು ರಾತ್ರಿ ಒಲೆ ಹಾಗೇ ಉರಿದಿತ್ತು.
ಆರೈಕೆ ಮನೆಯಲ್ಲಿ ಕೋಣೆ ಖಾಲಿಯಿದೆ, ಶುಕ್ರವಾರದೊಳಗೆ ಹೇಳಬೇಕು.
ಆದರೆ ಮನೆ ಬಿಡಿಸಲು ನನ್ನ ಸಹಿ ಸಾಲದು;
ನ್ಯಾಯಾಧೀಶರೇ ಬಂದು ಕೇಳಬೇಕು,
ಅವಳ ಅಡುಗೆಮನೆಯಲ್ಲಿ, ಅವಳ ಬಾಯಿಂದ.

ಬಂದರು. ಇನ್ನೂ ಎಳೆ ವಯಸ್ಸಿನ ಹೆಂಗಸು.
ಹಿಮ ತುಳಿದು ನೆನೆದ ಬೂಟು ಬಾಗಿಲಲ್ಲಿ ಬಿಟ್ಟು
ಕಾಲುಚೀಲದಲ್ಲೇ ಕುಳಿತರು; ಹೆಬ್ಬೆರಳ ಬಳಿ ತೂತು.
ಆರೈಕೆ ಮನೆಗೆ ಹೋಗುವಿರಾ? ಬೇಡ.
ಇಲ್ಲೇ ಇರುವಿರಾ? ಬೇಡ.
ನಿಮ್ಮ ಪರವಾಗಿ ಈ ನೋಯ್‌ಬರ್ಟ್ ಅವರೇ ಮುಂದುವರಿಯಲೇ?
ಬೇಡ.

ಪೆನ್ನು ನಿಂತಿತು. ಎಲ್ಲರೂ ನನ್ನತ್ತ ನೋಡಿದರು.
ಬಿಡಿಸಿ ಹೇಳಬಹುದಿತ್ತು. ಅರ್ಥ ಹೇಳುವುದೇ ನನ್ನ ಕಸುಬು,
ತಿಂಗಳಿಗಿಷ್ಟು ಎಂದು.
ಹೇಳಲಿಲ್ಲ.

ಅವಳೇ ಎದ್ದಳು. ಬಲಗಾಲು ಎಳೆಯುತ್ತ ಹೋಗಿ
ಬೂಟೆರಡನ್ನೂ ಎಡಗೈಯಲ್ಲಿ ಹಿಡಿದು ತಂದು
ಹೀಟರಿನ ಪಕ್ಕ ಇಟ್ಟಳು, ಒಳಗೆ ಹಳೇ ಪೇಪರು ತುರುಕಿದಳು.
ಆಮೇಲೆ ಹೊಲಿಗೆ ಡಬ್ಬಿ ತಂದು
ನ್ಯಾಯಾಧೀಶರ ಕಾಲಿನತ್ತ ಕೈ ಚಾಚಿದಳು.
ಅಯ್ಯೋ ಬೇಡ ಬೇಡ, ಎಂದರು ಅವರು, ನಾಚಿ,
ಕಾಲುಚೀಲ ಬಿಚ್ಚಿ ಕೊಟ್ಟರು.

ಸೂಜಿಗೆ ದಾರ ನಾನು ಪೋಣಿಸಿದೆ. ಅಷ್ಟೇ.
ಬತ್ತಿದ ಬಲಗೈಯ ಭಾರದಡಿ ಬಟ್ಟೆ ಅದುಮಿ
ಎಡಗೈಯಲ್ಲಿ ಹೊಲಿದಳು, ನಲವತ್ತು ನಿಮಿಷ.
ಯಾರೂ ಗಡಿಯಾರ ನೋಡಲಿಲ್ಲ, ಟೋರಾಲ್ಫ್ ಒಬ್ಬನ ಹೊರತು.

ಆದೇಶ ಬಂದಿದೆ. ಮನೆ ಸದ್ಯಕ್ಕೆ ಅವಳದೇ;
ಒಲೆಗೆ ತಾನಾಗಿ ಆರುವ ಗುಂಡಿ ಹಾಕಿಸತಕ್ಕದ್ದು;
ನನ್ನ ವಿಷಯ, ಮತ್ತೊಮ್ಮೆ ಕೇಳಲಾಗುವುದು.
ಗಟ್ಟಿಯಾಗಿ ಓದಿ ಹೇಳಿದೆ. ಬೇಡ, ಎಂದಳು.

ಯಾವ ಬೇಡ ಎಂದು ನನಗೆ ತಿಳಿಯಲಿಲ್ಲ.
ತಲುಪಿದ್ದಕ್ಕೆ ಅವಳ ಪರವಾಗಿ ಸಹಿ ಹಾಕಿದೆ.