ಮೂರು ಎಡ

ಗಂಟೆಗೆ ಎಪ್ಪತ್ತೆರಡು ಡಾಲರು. ನನ್ನ ಕಾಲಡಿಗೂ ಒಂದು ಬ್ರೇಕು.
ಬ್ಯಾಲರಾಟ್‌ನ ಜುಲೈ ಚಳಿಗೆ ಸ್ಟಿಯರಿಂಗು
ನಸುಕಿನ ನಲ್ಲಿಯ ಹಾಗೆ ಕೊರೆಯುತ್ತದೆ.
ಗ್ಲೆನಿಸ್ ಪ್ಯಾಸ್ಕೋ, ಅರವತ್ತೇಳು,
ಉಣ್ಣೆಯ ಕೈಚೀಲ ಕಳಚಿ ಮಡಿಲಲ್ಲಿಟ್ಟು
"ಹೊರಡೋಣವಾ, ಮ್ಯಾಂಡಿ?" ಅನ್ನುತ್ತಾಳೆ.
ಮಂದಾಕಿನಿ ಅವಳ ಬಾಯಲ್ಲಿ
ಮೊದಲ ವಾರವೇ ಬತ್ತಿಹೋದಳು.

ನಲವತ್ತು ವರ್ಷ ಕೆವ್ ಕಾರು ಓಡಿಸಿದ.
ಇವಳು ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದು
ತೊಳೆ ತೊಳೆಯಾಗಿ ಅವನ ಬಾಯಿಗಿಟ್ಟಳು.
ಈಗ ಕೈ ಎರಡೂ ಚಕ್ರದ ಮೇಲೆ,
ಹತ್ತು ಗಂಟೆಗೊಂದು, ಎರಡು ಗಂಟೆಗೊಂದು.

ಸ್ಟರ್ಟ್ ಬೀದಿಯಿಂದ ಡ್ರಮಂಡ್ ಬೀದಿಗೆ
ಬಲಕ್ಕೆ ತಿರುಗಬೇಕು. ತಿರುಗುವುದಿಲ್ಲ.
ನೇರ ಹೋಗಿ ಎಡ, ಮತ್ತೆ ಎಡ, ಮತ್ತೂ ಎಡ,
ಸುತ್ತಿಕೊಂಡು ಬಂದು ಅದೇ ಬೀದಿಗೆ ಬೀಳುತ್ತಾಳೆ.
ಒಂದು ಬಲಕ್ಕೆ ಮೂರು ಎಡದ ಲೆಕ್ಕ.

ಬಲಗಾಲಿಟ್ಟು ಒಳಗೆ ಬಾ ಅನ್ನಿಸಿಕೊಂಡು
ಸೇರು ಒದ್ದು ಬಂದವಳು ನಾನು.
ಬಲಮಗ್ಗುಲಲ್ಲಿ ಏಳದ ದಿನ
ಅಜ್ಜಿ ಮತ್ತೆ ಮಲಗಿಸಿ ಎಬ್ಬಿಸುತ್ತಿದ್ದಳು.
ಅವಳ ಕಾರ್ಡಿನಲ್ಲಿ ಬರೆಯುತ್ತೇನೆ:
ಬಲ ತಿರುವು, ಇನ್ನೂ ಅಭ್ಯಾಸ ಬೇಕು.

ಆಸ್ಪತ್ರೆಗೆ ಹೆದರಿದ್ದಾಳೆ ಅಂದುಕೊಂಡಿದ್ದೆ. ಅಲ್ಲ.
ಅದರ ಮುಂದೆಯೇ ಹಾದುಹೋಗುತ್ತ
"ಇಲ್ಲಿನ ಕುಂಬಳದ ಸೂಪು ಚೆನ್ನ" ಅನ್ನುತ್ತಾಳೆ.
ಹೆದರಿಕೆ ಸಿಗ್ನಲಿನ ಆ ಕೆಂಪು ಬಾಣಕ್ಕೆ.
ಪಕ್ಕದ ಮನೆಯವರ ವ್ಯಾನಿನಲ್ಲಿ, ಅಲ್ಲಿ ನಿಂತಾಗ,
ಕೆವ್‌ನ ಹಿಡಿತ ಸಡಿಲವಾಗಿದ್ದು.
"ಹತ್ತು ನಿಮಿಷ, ಮ್ಯಾಂಡಿ. ಹತ್ತು ನಿಮಿಷ
ಕೆಂಪಾಗಿಯೇ ಇತ್ತು ಅದು."

ಒಂದು ಭಾನುವಾರ ಒಬ್ಬಳೇ ಹೋಗಿ ಎಣಿಸಿದೆ.
ನಲವತ್ತೊಂದು ಸೆಕೆಂಡು.
ಹೇಳಲಿಲ್ಲ. ಹೇಳಿ ಏನು ಮಾಡಲಿ?
ಗಡಿಯಾರ ಆ ವ್ಯಾನಿನೊಳಗೆ ಕೂತಿರಲಿಲ್ಲ.

ಎಣಿಸಿ ಬರುತ್ತ ದಿನಸಿ ಅಂಗಡಿಗೆ ಹೋದೆ.
ಕೈ ತಾನಾಗಿ ಹೆಸರುಬೇಳೆಗೆ ಹೋಯಿತು.
ಮೂರು ವರ್ಷದಿಂದ ಹೀಗೆ, ನಮ್ಮ ಮನೆಯಲ್ಲಿ
ತೊಗರಿಯ ಸಾರಿಲ್ಲ.
ನನ್ನ ಹೊಟ್ಟೆಯುರಿಗೆ ಪಥ್ಯ ಅಂತ ಶ್ರೀಪಾದನ ನಂಬಿಕೆ.
ನಾನೂ ಹಾಗೇ ನಂಬಿಕೊಂಡಿದ್ದೆನಲ್ಲ.

ತೊಗರಿಯ ಚೀಲದ ಪಕ್ಕ ನಿಂತಿದ್ದಾಗಲೇ
ತಂಗಿ ಸುಶಿಯ ಫೋನು ಬಂದದ್ದು,
ಅಮ್ಮನ ಎರಡೆಳೆ ಸರದ ಮಾತು,
ಅವಳು ಕಿರುಚಿದ್ದು,
ನಾನು ಮೆಲ್ಲಗೆ "ನೀನೇ ಇಟ್ಟುಕೋ" ಅಂದು ಇಟ್ಟದ್ದು.

ಆ ರಾತ್ರಿ ಇದನ್ನೆಲ್ಲ ಶ್ರೀಪಾದನಿಗೆ ಹೇಳಿದೆ.
ತಟ್ಟೆಯಿಂದ ತಲೆಯೆತ್ತಿ ಅಂದ:
"ಅವಳ ದನಿ ನನಗೆ ಕೇಳಿಸಲೇ ಇಲ್ಲ.
ನಿನ್ನದು ಮೊಸರಿನ ಫ್ರಿಜ್ಜಿನ ತನಕ ಕೇಳಿಸಿತ್ತು."

ಮೂರು ವರ್ಷ
ಅವಳ ಗಂಟಲಿನಲ್ಲಿ ನನ್ನ ದನಿ ಇಟ್ಟು
ಅವಳನ್ನು ಬೈದಿದ್ದೇನೆ. ಬೇಳೆಯನ್ನೂ.

ಒಂಬತ್ತನೇ ವಾರ.
ಗ್ಲೆನಿಸ್ ನಿಂಬೆಯ ಜಾಮು ಮಾಡುವ ಕ್ರಮ ಹೇಳುತ್ತಿದ್ದಳು:
ಸಕ್ಕರೆ ಎಷ್ಟು, ಹಳದಿ ಭಾಗ ಯಾವಾಗ,
ಗಂಟು ಕಟ್ಟಿದರೆ ಮಗ ತಿನ್ನಲ್ಲ, ಮೊಮ್ಮಗ ತಿಂತಾನೆ,
ಹೇಳುತ್ತ ಹೇಳುತ್ತ ಇಂಡಿಕೇಟರು ಹಾಕಿ
ಬಲಕ್ಕೆ ತಿರುಗಿಯೇ ಬಿಟ್ಟಳು.
ನನ್ನ ಕಾಲು ಬ್ರೇಕಿನ ಮೇಲೆ ಸುಮ್ಮನಿತ್ತು.
ಅರ್ಧ ಬೀದಿ ದಾಟಿದ ಮೇಲೆ
"ಇದು ಯಾವ ಕಡೆಯಿಂದ ಬಂದೆವು?" ಅಂದಳು.

ಬಾಣ ಹಸಿರಾಗಿತ್ತು.
ಕೆಂಪಿದ್ದಿದ್ದರೆ? ನಾನರಿಯೆ.
ಕಾರ್ಡಿನ ಆ ಗೆರೆಯನ್ನು ಇನ್ನೂ ಹೊಡೆದುಹಾಕಿಲ್ಲ.

ಸಂಜೆ ಅರ್ಧ ಕಿಲೋ ತೊಗರಿ ತಂದೆ,
ಡಬ್ಬಿಗೆ ಸುರಿದು ಮುಚ್ಚಳ ಬಿಗಿದೆ.
ಅಲ್ಲಿ ಈಗ ಮಧ್ಯಾಹ್ನ, ಸುಶಿ ಸ್ಕೂಲಿನಿಂದ ಬಂದಿರುವುದಿಲ್ಲ
ಎಂದು ಫೋನನ್ನು ಮಗುಚಿಟ್ಟು,
ಹೆಸರುಬೇಳೆ ತೊಳೆಯತೊಡಗಿದೆ.
ಅವಳ ಸ್ಕೂಲಿಗೆ ಇವತ್ತು ರಜೆ.
ನನಗದು ಗೊತ್ತು.