ಹನ್ನೊಂದನೆಯ ಸಾಲು

ವಿದ್ಯಾನಗರದಲ್ಲಿ ಕೋರ್ಟಿನ ಎದುರು, ಮೆಟ್ಟಿಲಿನಡಿಯಲ್ಲಿ
ನನ್ನ ಟೈಪಿಂಗಿನ ಮೇಜು.
ಪುಟಕ್ಕೆ ಹದಿನೈದು. ಕನ್ನಡವಾದರೆ ಐದು ಹೆಚ್ಚು.

ಮೊನ್ನೆ ಬಂದವರು ಕಸಬಾ ಕಡಪ್ಪುರದ ಜಲಜಾಕ್ಷಿ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟ್‌ಬುಕ್ಕಿನ ತುಂಬ
ಮೀನಿನ ಹೆಸರು, ಒಂದೊಂದಕ್ಕೂ ಮೂರು ನಾಲ್ಕು:
ಬೂತಾಯಿ, ಮತ್ತಿ, ತಾರ್ಲೆ.
ಬಂಗುಡೆ, ಅಯಿಲ, ಬಾಂಗ್ಡೊ.
ನಂಗ್, ಮಾಂದಳ್…

ಶಾನುಭೋಗ ವಕೀಲರು ಹೇಳಿದರು:
ಹೆಸರು ಯಾರಪ್ಪನ ಸೊತ್ತೂ ಅಲ್ಲ ಮಾರಾಯ್ತಿ.
ಅಕಾರಾದಿಯಾಗಿ ಬರೆದಿದ್ದರೆ ಕೇಸೇ ಇಲ್ಲ.
ಜೋಡಿಸಿದ ಕ್ರಮ ಮಾತ್ರ ನಿಮ್ಮದು.
ಇದು ಯಾವ ಕ್ರಮ?

ಅವರು ಸ್ವಲ್ಪ ನಾಚಿದರು.
ಅಮ್ಮ ಕುಕ್ಕೆ ಹೊತ್ತು ನೆಲ್ಲಿಕುಂಜೆಯಿಂದ
ಅಣಂಗೂರಿನವರೆಗೆ ಕೂಗಿಕೊಂಡು ಹೋಗುತ್ತಿದ್ದ ಕ್ರಮ:
ಬೇಗ ಹಾಳಾಗುವವು ಮೊದಲು,
ಸಂಜೆಗೆ ಉಳಿದರೂ ನಡೆಯುವವು ಕೊನೆಗೆ.

ಹೊಡೆದೆ. ಕೃತಿಯ ವರ್ಗ: ಸಾಹಿತ್ಯ.

ಬೆಳಗ್ಗೆಯೂ ಅದೇ ಕಾಲಮ್ಮಿನಲ್ಲಿ ಅದನ್ನೇ ಹೊಡೆದಿದ್ದೆ,
ಚೆರ್ಕಳದ ಸಿನಾನನಿಗೆ, ಹರಾಜಿನ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆದವ.
ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ ಕೊಟ್ಟರೆ ಸಾಕಂತೆ.
ನಡುವೆ ಏನಿದೆಯೆಂದು ಸರಕಾರ ಕೇಳುವುದಿಲ್ಲ.
ಅರ್ಧವಿರಾಮ ಒಂದೂ ತಪ್ಪಿಲ್ಲ,
ನಮ್ಮ ಕವಿಗೋಷ್ಠಿಯವರು ನೋಡಿ ಕಲಿಯಬೇಕು.

ಮೂವತ್ತು ವರ್ಷದ ನನ್ನ ಪದ್ಯಗಳು ಇದೇ ಮೇಜಿನ ಡ್ರಾಯರಿನಲ್ಲಿವೆ.
ಕಾನೂನಿನಲ್ಲಿ ಅವೂ ಸಾಹಿತ್ಯವೇ ಅಂತೆ.
ಈ ತನಕ ಯಾರೂ ಕದ್ದಿಲ್ಲ.

ಜಲಜಾಕ್ಷಿಯದ್ದನ್ನು ಕದ್ದಿದ್ದಾರೆ.
ಹೊಸದುರ್ಗದ ಪ್ರೆಸ್ಸಿನವ ಚಾರ್ಟು ಮಾಡಿ ಮಾರುತ್ತಿದ್ದಾನೆ,
ಬಣ್ಣ, ಲ್ಯಾಮಿನೇಶನ್, ಎಂಬತ್ತು ರೂಪಾಯಿ.
ದೋಣಿ ದೋಣಿ ಹತ್ತಿ ನಾನೇ ಕೇಳಿ ಬರೆದದ್ದು, ಅಂದನಂತೆ.

ವಕೀಲರ ಬೆರಳು ಹನ್ನೊಂದನೆಯ ಸಾಲಿನಲ್ಲಿ ನಿಂತಿತು.
ಚಿಮಿಲಾಯಿ.
ಎದುರಿಗೆ ಬೇರೆ ಯಾವ ಭಾಷೆಯೂ ಇಲ್ಲ.
ಇದು ಯಾವ ಮೀನು?

ಅದು ತಂಗಿ, ಅಂದರು.
ನಾಲ್ಕು ವರ್ಷ ಇದ್ದಳು.
ಅಮ್ಮನ ಹಿಂದೆ ಓಡುತ್ತ, ಕೂಗಿನ ಎಡೆಯಲ್ಲಿ
ತಾನೂ ಒಂದು ಹೆಸರು ಸೇರಿಸುತ್ತಿದ್ದಳು.
ಬರೆಯುವಾಗ ಬಿಡಲಿಕ್ಕೆ ಕೈ ಬರಲಿಲ್ಲ.

ಚಾರ್ಟಿನಲ್ಲೂ ಹನ್ನೊಂದು ಚಿಮಿಲಾಯಿ.
ಪಕ್ಕದಲ್ಲಿ ಚಿತ್ರ ಬೇರೆ, ಎಲ್ಲಿಂದಲೋ ತಂದು ಅಂಟಿಸಿದ
ನೀಲಿ ಬಾಲದ ಯಾವುದೋ ಮೀನು.

ವಕೀಲರು ಕನ್ನಡಕ ತೆಗೆದು ಒರೆಸಿದರು. ಇಷ್ಟು ಸಾಕು.
ಇರುವ ಅರುವತ್ತು ಮೀನು ಬಾಯಿ ಬಿಡುವುದಿಲ್ಲ,
ಇಲ್ಲದ್ದೊಂದು ಸಾಕ್ಷಿ ಹೇಳುತ್ತದೆ.

ಜಲಜಾಕ್ಷಿ ಚಾರ್ಟನ್ನೇ ನೋಡುತ್ತಿದ್ದರು.
ಇದು ಕೋರ್ಟಿಗೆ ಹೋಗುವುದಾದರೆ, ಅಂದರು,
ಮನೆಗೆ ಬೇರೊಂದು ತರಿಸಿ ಕೊಡಿ,
ಸೆರಗಿನ ಗಂಟು ಬಿಚ್ಚಿ
ಎಂಬತ್ತು ರೂಪಾಯಿ ಎಣಿಸುತ್ತ.