ಷರಾ

ಆರಕ್ಕೆ ಬೀಗ. ಬೀಗಕ್ಕೂ ಮುಂಚೆ ಎಣ್ಣೆ.
ಸೂಳೆಕೆರೆಯ ತೇವಕ್ಕೆ ಕೀಲೆಲ್ಲ ಮುನಿಸಿಕೊಂಡಿವೆ.
ಗೋಪುರದ ಹದಿನೇಳು ಮೆಟ್ಟಿಲಲ್ಲಿ
ಹನ್ನೊಂದನೆಯದಕ್ಕೆ ಬೋಲ್ಟಿಲ್ಲ.
ಕಾಲಿಗದು ಗೊತ್ತು.

ದುರ್ಬೀನಿಗೆ ಹಳೇ ಲುಂಗಿಯ ಚೂರು.
ಗಾಜಿನೊಳಗಿನ ಬೂಷ್ಟಿಗೆ ಮದ್ದಿಲ್ಲ,
ಎಡಗಡೆಯ ಹಕ್ಕಿಗಳೆಲ್ಲ ಸದಾ ಮಂಜಿನಲ್ಲೇ.

ನಾಮದ ಕೋಳಿ ಇನ್ನೂರ ಹತ್ತು ಅಂತ ನಾನು,
ಇನ್ನೂರ ನಲವತ್ತು ಅಂತ ಹರಿಗೋಲಿನಿಂದ ಚೌಡವ್ವ.
ಬಲೆ ಬಿಡಿಸುತ್ತಲೇ ಕೂಗುತ್ತಾಳೆ:
"ಮುಳುಗಿದವು ನಿನ್ನ ಲೆಕ್ಕಕ್ಕಿಲ್ಲೇನೋ ಓಬಳೇಶಾ?"
ಇನ್ನೂರ ಇಪ್ಪತ್ತು ಬರೆದೆ. ಇಬ್ಬರಿಗೂ ಸಮಾಧಾನವಿಲ್ಲ.

ನನಗಿಂತ ಮೊದಲಿದ್ದ ಪಂಚಾಕ್ಷರಪ್ಪ
ಹೆಬ್ಬಾತಿನ ಕಲಮಿನಲ್ಲಿ ಒಂದು ಚಳಿಗಾಲವಿಡೀ
"ಇಲ್ಲ" ಎಂದೇ ಬರೆದಿದ್ದಾನೆ,
ದಿನಕ್ಕೊಂದು ಇಲ್ಲ, ದುಂಡಗೆ, ಸಹಿ ಸಮೇತ.
ಅಡ್ಡಗೆರೆ ಎಳೆದು ಮುಗಿಸಬಹುದಿತ್ತು.
ಪ್ರತಿ ಇಲ್ಲದ ಹಿಂದೆ
ಹದಿನೇಳು ಮೆಟ್ಟಿಲ ಏದುಸಿರು.

ಇವತ್ತು ತೂಬಿನ ಕಲ್ಲುಮಂಟಪದ ಮೇಲೆ
ಒಂದು ಕಡಲಹಕ್ಕಿ.
ಬೂದು ರೆಕ್ಕೆ, ಕೆಂಪು ಕಾಲು,
ಭತ್ತದ ಗದ್ದೆಗೆ ಬೆನ್ನು.
ಇಳಿದು, ಸಾರಿನ ರುಚಿ ನೋಡುವ ಹಾಗೆ
ಕೆರೆಯನ್ನೊಮ್ಮೆ ಕೊಕ್ಕಲ್ಲಿ ಮುಟ್ಟಿ
ತಲೆ ಕೊಡವಿತು: ಉಪ್ಪಿಲ್ಲ.
ಗುಡ್ಡ ದಾಟಿ, ಘಟ್ಟ ದಾಟಿ
ಯಾವ ಗಾಳಿ ಇದನ್ನಿಲ್ಲಿ ಇಳಿಸಿತೋ,
ನಮ್ಮ ಪುಸ್ತಕದಲ್ಲಿ ಇದಕ್ಕೆ ಕಲಮಿಲ್ಲ.

ರಿಪೇರಿಯ ಪಕ್ಕ, ಷರಾದಲ್ಲಿ ಬರೆದೆ:
ಹನ್ನೊಂದನೇ ಮೆಟ್ಟಿಲಿಗೆ ಬೋಲ್ಟು ಬೇಕು.
ಗ್ರೀಸು, ಅರ್ಧ ಡಬ್ಬಿ.
ಸಮುದ್ರದ ಹಕ್ಕಿ, ಒಂದು, ಬೆಳಗ್ಗೆ ಏಳೂಕಾಲು.

ನೀರಿನಿಂದ ಚೌಡವ್ವ:
"ಅದನ್ನಾದರೂ ಸರಿಯಾಗಿ ಎಣಿಸಿದ್ಯಾ?"